ಸೂರ್ಯಪ್ರಕಾಶವೂ ಬಹುಪದರದ ವಿದ್ಯುತ್ಕೋಶಗಳೂ

ಸೂರ್ಯನ ಬೆಳಕು ಗುಡಿಸಲಿನ ಮೇಲೂ ಮಹಡಿಯ ಮೇಲೂ ಒಂದೇ ಸಮನಾಗಿ ಬೀಳತಕ್ಕದ್ದು. ಅದಕ್ಕೆ ಕಂದಾಯವಿಲ್ಲ, ಬಾಡಿಗೆಯಿಲ್ಲ. ಮೋಡವಿಲ್ಲದ ದಿವಸ ನಡುಹಗಲಿನಲ್ಲಿ ಒಂದು ಚದರ ಮೀಟರು ನೆಲದ ಮೇಲೆ ಸುಮಾರು ೧,೦೦೦ ವಾಟ್ ಪ್ರಮಾಣದ ಶಕ್ತಿಯು ಬಿಸಿಲಿನ ರೂಪದಿಂದ ಬಂದು ಬೀಳುವುದು. ಈಗ ಊರೂರಿನ ಮಾಳಿಗೆಗಳ ಮೇಲೆ ಕಾಣುವ ಸೋಲಾರ್ ಫಲಕಗಳು ಈ ಶಕ್ತಿಯಲ್ಲಿ ಐದನೆಯ ಒಂದು ಪಾಲನ್ನು, ಇಲ್ಲವೆ ಅದಕ್ಕಿಂತ ತುಸು ಹೆಚ್ಚನ್ನು ಮಾತ್ರ ವಿದ್ಯುಚ್ಛಕ್ತಿಯಾಗಿ ಮಾರ್ಪಡಿಸುತ್ತವೆ. ಉಳಿದ ಪಾಲೆಲ್ಲ ಎಲ್ಲಿ ಹೋಗುವುದು? ಅದರಲ್ಲಿ ಸ್ವಲ್ಪವನ್ನಾದರೂ ಉಳಿಸಿಕೊಳ್ಳುವ ಉಪಾಯವುಂಟೇ? ಉಂಟೆಂದು ತೋರಿಸಿರುವವೇ ಬಹುಪದರದ ಕೋಶಗಳು.

ಈ ವಿಷಯವು ಪ್ರಯೋಗಶಾಲೆಯ ಪಂಡಿತರಿಗೆ ಮಾತ್ರ ಸೇರಿದುದೆಂದು ನಮ್ಮ ವಾಚಕರು ಭಾವಿಸಬಾರದು. ಒಂದು ಕೋಟಿ ಮನೆಗಳ ಮಾಳಿಗೆಯ ಮೇಲೆ ಸೌರಫಲಕಗಳನ್ನು ಇಡಿಸಬೇಕೆಂಬ ಉದ್ದೇಶದಿಂದ ಭಾರತ ಸರಕಾರವು ೨೦೨೪ರ ಫೆಬ್ರವರಿಯಲ್ಲಿ ಒಂದು ಯೋಜನೆಯನ್ನು ಆರಂಭಿಸಿತು. ಅಂದಿನಿಂದ ಅನೇಕ ಕುಟುಂಬಗಳಲ್ಲಿ ಈ ಮಾತು ನಡೆಯುತ್ತಿದೆ. ಇದೇ ವೇಳೆಗೆ ಹೊಸ ಬಗೆಯ ಕೋಶಗಳು ಹಳೆಯವನ್ನು ಮೀರಿಸಿದುವೆಂಬ ಸಮಾಚಾರವೂ ಪತ್ರಿಕೆಗಳಲ್ಲಿ ಬರುತ್ತಿದೆ. ಈಗಲೇ ಹಣ ಹಾಕಬೇಕೋ ಹೊಸದಕ್ಕಾಗಿ ಕಾಯಬೇಕೋ ಎಂಬ ಸಂಶಯವು ಗೃಹಿಣಿಯರಿಗೂ ತಂದೆತಾಯಿಗಳಿಗೂ ಉಂಟಾಗುವುದು ಸಹಜ. ಆದುದರಿಂದ ಈ ಕೋಶಗಳ ತತ್ತ್ವವನ್ನೂ, ಅವು ಬೆಳೆದು ಬಂದ ಬಗೆಯನ್ನೂ, ಈಗಿನ ಸಂಶೋಧನೆಯ ಒಲವನ್ನೂ ಸಾಧ್ಯವಾದಷ್ಟು ತಿಳಿಯಾಗಿ ಹೇಳಿ, ಕೊನೆಗೆ ಈ ಸಂಶಯಕ್ಕೆ ಸಮಾಧಾನವನ್ನು ಕೊಡಲೆತ್ನಿಸುವೆವು.

೧. ಒಂದೇ ಪದರದ ಕೋಶದ ಸ್ವಭಾವ

ಬೆಳಕಿನಿಂದ ವಿದ್ಯುತ್ತು ಹುಟ್ಟಬಲ್ಲುದೆಂಬುದನ್ನು ೧೮೩೯ರಲ್ಲಿ ಫ್ರಾನ್ಸ್ ದೇಶದ ಎಡ್ಮಂಡ್ ಬೆಕೆರೆಲ್ ಎಂಬ ಹತ್ತೊಂಬತ್ತು ವರ್ಷದ ತರುಣನು ತನ್ನ ತಂದೆಯ ಪ್ರಯೋಗಶಾಲೆಯಲ್ಲಿ ಕಂಡುಹಿಡಿದನು. ೧೮೮೩ರಲ್ಲಿ ಅಮೆರಿಕದ ಚಾರ್ಲ್ಸ್ ಫ್ರಿಟ್ಸ್ ಎಂಬವನು ಸೆಲೆನಿಯಂ ಧಾತುವಿನ ಮೇಲೆ ಚಿನ್ನದ ಅತಿ ತೆಳುವಾದ ರೇಕನ್ನು ಹೊದಿಸಿ ಒಂದು ಕೋಶವನ್ನು ಮಾಡಿದನು. ಅದು ಬಿಸಿಲಿನ ನೂರು ಪಾಲಿನಲ್ಲಿ ಒಂದು ಪಾಲನ್ನಷ್ಟೇ ವಿದ್ಯುತ್ತಾಗಿ ಕೊಟ್ಟಿತು. ಈ ಪ್ರಮಾಣಕ್ಕೆ ದಕ್ಷತೆಯೆಂದು ಹೆಸರು. ೧೯೫೪ರ ಏಪ್ರಿಲ್ ೨೫ರಂದು ಅಮೆರಿಕದ ಬೆಲ್ ಪ್ರಯೋಗಶಾಲೆಯ ಚಾಪಿನ್, ಫುಲ್ಲರ್, ಪಿಯರ್ಸನ್ ಎಂಬ ಮೂವರು ಸಿಲಿಕಾನಿನಿಂದ ಮಾಡಿದ ಕೋಶವನ್ನು ಜನರ ಮುಂದೆ ತೋರಿಸಿದರು. ಅದರ ದಕ್ಷತೆ ಸುಮಾರು ಶೇಕಡಾ ೬. ಇಂದು ನಮ್ಮ ಮಾಳಿಗೆಗಳ ಮೇಲಿರುವ ಫಲಕಗಳೆಲ್ಲ ಹೆಚ್ಚಾಗಿ ಆ ಸಿಲಿಕಾನ್ ಕೋಶದ ಸಂತತಿಯೇ ಆಗಿವೆ.

ಕೋಶದೊಳಗೆ ನಡೆಯುವ ಕಾರ್ಯವನ್ನು ಒಂದು ಹೋಲಿಕೆಯಿಂದ ತಿಳಿಯಬಹುದು. ನೆಲದ ಮೇಲಿರುವ ತೆಂಗಿನಕಾಯಿಗಳನ್ನು ಒಬ್ಬಳು ಅಟ್ಟಕ್ಕೆ ಎಸೆಯುತ್ತಿರುವಳೆಂದು ಭಾವಿಸೋಣ. ಮೆಲ್ಲಗೆ ಎಸೆದರೆ ಕಾಯಿ ಅಟ್ಟವನ್ನು ಮುಟ್ಟದೆ ಮರಳಿ ನೆಲಕ್ಕೆ ಬೀಳುವುದು. ಬಲವಾಗಿ ಎಸೆದರೆ ಅದು ಹೆಂಚಿನವರೆಗೆ ಹಾರಿ, ತಿರುಗಿ ಅಟ್ಟದ ಮೇಲೆಯೇ ಬಂದು ಕೂರುವುದು. ಎಷ್ಟು ಬಲ ಹಾಕಿದರೂ ಕಾಯಿಗೆ ದೊರೆಯುವ ಎತ್ತರ ಅಟ್ಟದ ಎತ್ತರವೇ. ಹೆಚ್ಚಿನ ಬಲವೆಲ್ಲ ವ್ಯರ್ಥ. ಸಿಲಿಕಾನಿನಲ್ಲಿ ಎಲೆಕ್ಟ್ರಾನುಗಳೆಂಬ ಸೂಕ್ಷ್ಮ ಕಣಗಳೇ ಈ ಕಾಯಿಗಳು. ಬೆಳಕಿನ ಪುಟ್ಟ ಪುಟ್ಟ ಶಕ್ತಿಪೊಟ್ಟಣಗಳು ಅವನ್ನು ಮೇಲಕ್ಕೆ ಎಸೆಯುತ್ತವೆ. ಬೆಳಕು ಹೀಗೆ ಪೊಟ್ಟಣಗಳಾಗಿ ಬರುವುದೆಂಬುದನ್ನು ೧೯೦೫ರಲ್ಲಿ ಐನ್‌ಸ್ಟೈನರು ಪ್ರತಿಪಾದಿಸಿದರು. ಅವರಿಗೆ ೧೯೨೧ನೆಯ ವರ್ಷದ ನೊಬೆಲ್ ಪಾರಿತೋಷಕವು ಮುಖ್ಯವಾಗಿ ಸಂದದ್ದು ಈ ವಿಚಾರಕ್ಕಾಗಿಯೇ.

ಸಿಲಿಕಾನಿನ ಅಟ್ಟದ ಎತ್ತರವು ೧.೧೨ ಎಲೆಕ್ಟ್ರಾನ್-ವೋಲ್ಟ್ ಎಂದು ಅಳೆಯಲ್ಪಟ್ಟಿದೆ. ಕೆಂಪು ಬೆಳಕಿನ ಪೊಟ್ಟಣದಲ್ಲಿ ಸುಮಾರು ೧.೮, ನೇರಳೆಯದರಲ್ಲಿ ಸುಮಾರು ೩ ಎಲೆಕ್ಟ್ರಾನ್-ವೋಲ್ಟುಗಳಷ್ಟು ಶಕ್ತಿಯುಂಟು. ಕಣ್ಣಿಗೆ ಕಾಣದ ಕೆಂಪಿನಾಚೆಯ ಕಿರಣಗಳಲ್ಲಿ ಹಲವಕ್ಕೆ ೧.೧೨ರಷ್ಟು ಬಲವೂ ಇರುವುದಿಲ್ಲ. ಆದ್ದರಿಂದ ಬಿಸಿಲಿನ ಶಕ್ತಿಯಲ್ಲಿ ಸುಮಾರು ಐದನೆಯ ಒಂದು ಪಾಲು ಸಿಲಿಕಾನಿಗೆ ಉಪಯೋಗವಾಗದೆ ಹೋಗುವುದು. ನೇರಳೆ, ನೀಲಿ, ಹಸಿರು ಕಿರಣಗಳೋ ಬೇಕಾದುದಕ್ಕಿಂತ ಹೆಚ್ಚು ಬಲವನ್ನು ತರುತ್ತವೆ. ಆ ಹೆಚ್ಚಳವೆಲ್ಲ ಕೋಶವನ್ನು ಬಿಸಿಮಾಡುವುದರಲ್ಲಿ ಕಳೆದುಹೋಗುವುದು. ಇದು ಸುಮಾರು ಮೂರನೆಯ ಒಂದು ಪಾಲು. ಹಾಗಾದರೆ ಅಟ್ಟವನ್ನು ತಗ್ಗಿಸಬಾರದೇಕೆ? ತಗ್ಗಿಸಿದರೆ ಹೆಚ್ಚು ಕಾಯಿಗಳು ಮೇಲೇರುವುವು, ಆದರೆ ಒಂದೊಂದಕ್ಕೂ ದೊರೆಯುವ ಎತ್ತರ, ಎಂದರೆ ವೋಲ್ಟೇಜು, ಕಡಿಮೆಯಾಗುವುದು. ಏರಿಸಿದರೆ ಎತ್ತರ ಹೆಚ್ಚುವುದು, ಕಾಯಿಗಳು ಕಡಿಮೆಯಾಗುವುವು. ಒಂದೇ ಅಟ್ಟವಿರುವ ತನಕ ಈ ಇಕ್ಕಟ್ಟಿನಿಂದ ಬಿಡುಗಡೆಯಿಲ್ಲ. ೧೯೬೧ರಲ್ಲಿ ಷಾಕ್ಲೀ ಮತ್ತು ಕ್ವೈಸರ್ ಎಂಬ ವಿಜ್ಞಾನಿಗಳು ಲೆಕ್ಕಹಾಕಿ ಒಂದೇ ಪದರದ ಕೋಶಕ್ಕೆ ಒಂದು ಮೇರೆಯುಂಟೆಂದು ತೋರಿಸಿದರು. ಈಗಿನ ಲೆಕ್ಕದಂತೆ ಅತ್ಯುತ್ತಮವಾದ ವಸ್ತುವಿಗೂ ಆ ಮೇರೆ ಶೇಕಡಾ ೩೩.೭, ಸಿಲಿಕಾನಿಗೆ ಸುಮಾರು ೨೯.೪. ಪ್ರಯೋಗಶಾಲೆಯ ಸಿಲಿಕಾನ್ ಕೋಶವು ಈಗಾಗಲೇ ಶೇಕಡಾ ೨೭ನ್ನು ದಾಟಿದೆ. ಅಂತೂ ಆ ದಾರಿಯಲ್ಲಿ ಇನ್ನು ನಡೆಯಬೇಕಾದ ದೂರ ಬಹಳವಿಲ್ಲ.

೨. ಜರಡಿಯ ಮೇಲೊಂದು ಜರಡಿ

ಬೀಸಿದ ಗೋದಿಯನ್ನು ಜರಡಿ ಹಿಡಿಯುವ ಕೆಲಸವನ್ನು ನಮ್ಮ ಹೆಣ್ಣುಮಕ್ಕಳೆಲ್ಲ ಬಲ್ಲರು. ಮೊದಲು ದೊಡ್ಡ ಕಣ್ಣಿನ ಜರಡಿಯಲ್ಲಿ ತರಿ ನಿಲ್ಲುವುದು. ಅದರಿಂದ ಇಳಿದುದನ್ನು ಸಣ್ಣ ಕಣ್ಣಿನ ಜರಡಿಗೆ ಹಾಕಿದರೆ ರವೆ ನಿಲ್ಲುವುದು. ಕೊನೆಗೆ ಹಿಟ್ಟು ಕೆಳಗಿಳಿಯುವುದು. ಒಂದೊಂದೂ ತನಗೆ ತಕ್ಕ ಅಡಿಗೆಗೆ ಸಲ್ಲುವುದರಿಂದ ಯಾವುದೂ ಹಾಳಾಗದು. ಬಹುಪದರದ ಕೋಶದ ತತ್ತ್ವವೂ ಇದೇ. ಎತ್ತರವಾದ ಅಟ್ಟವುಳ್ಳ ವಸ್ತುವನ್ನು ಮೇಲಿಡಬೇಕು. ಅದು ನೇರಳೆ, ನೀಲಿ, ಹಸಿರು ಮುಂತಾದ ಬಲವಾದ ಕಿರಣಗಳನ್ನು ಹೀರಿಕೊಂಡು ಅವುಗಳಿಂದ ಹೆಚ್ಚಿನ ವೋಲ್ಟೇಜನ್ನು ಪಡೆಯುವುದು. ತನಗೆ ನಿಲುಕದ ಕೆಂಪು ಮತ್ತು ಕೆಂಪಿನಾಚೆಯ ಕಿರಣಗಳನ್ನು ಗಾಜಿನಂತೆ ಕೆಳಕ್ಕೆ ಬಿಡುವುದು. ಕೆಳಗೆ ತಗ್ಗಾದ ಅಟ್ಟದ ವಸ್ತುವು ಅವನ್ನು ಹಿಡಿದುಕೊಳ್ಳುವುದು. ಎರಡು ಪದರಗಳಿದ್ದರೆ ದಕ್ಷತೆಯ ಮೇರೆಯು ಸುಮಾರು ಶೇಕಡಾ ೪೫ಕ್ಕೆ ಏರುವುದು. ಲೆಕ್ಕದ ಮಟ್ಟಿಗೆ ಅಸಂಖ್ಯ ಪದರಗಳನ್ನು ಕಲ್ಪಿಸಿಕೊಂಡರೆ ಸಾಮಾನ್ಯ ಬಿಸಿಲಿನಲ್ಲಿ ಅದು ಸುಮಾರು ಶೇಕಡಾ ೬೮.

ಎರಡು ಪದರಗಳಾದರೆ ಫಲವು ಇಮ್ಮಡಿಯಾಗಬೇಕಲ್ಲವೇ ಎಂದು ಯಾರಾದರೂ ಕೇಳಬಹುದು. ಹಾಗಾಗುವುದಿಲ್ಲ. ಒಂದೇ ಬಿಸಿಲನ್ನು ಎರಡು ಪದರಗಳು ಹಂಚಿಕೊಳ್ಳುವುದರಿಂದ ವಿದ್ಯುತ್ಪ್ರವಾಹವು ಸುಮಾರು ಅರ್ಧವಾಗುವುದು. ಆದರೆ ಸಿಲಿಕಾನ್ ಕೋಶವೊಂದೇ ಸುಮಾರು ೦.೭ ವೋಲ್ಟು ಕೊಡುವಲ್ಲಿ, ಅದರ ಮೇಲೆ ತಕ್ಕ ಪದರವನ್ನಿಟ್ಟ ಜೋಡಿಕೋಶವು ಸುಮಾರು ೧.೯ ವೋಲ್ಟು ಕೊಡುವುದು. ಪ್ರವಾಹ ಅರ್ಧವಾಗಿ ವೋಲ್ಟೇಜು ಇಮ್ಮಡಿಗಿಂತ ಹೆಚ್ಚಾದುದರಿಂದ ಉಳಿಯುವ ಲಾಭವೇ ಈ ವಿದ್ಯೆಯ ಲಾಭ.

ಇದರಲ್ಲಿ ಒಂದು ತೊಡಕುಂಟು. ಎರಡು ಪದರಗಳನ್ನು ಒಂದರ ಹಿಂದೊಂದು ಬೆಸೆದಾಗ ಎರಡರಲ್ಲೂ ಒಂದೇ ಪ್ರವಾಹವು ಹರಿಯಬೇಕು. ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳಲ್ಲಿ ನಿಧಾನವಾದುದರ ನಡಿಗೆಯೇ ಗಾಡಿಯ ನಡಿಗೆಯಾಗುವಂತೆ, ಎರಡು ಪದರಗಳಲ್ಲಿ ಕಡಿಮೆ ಪ್ರವಾಹವುಳ್ಳದ್ದೇ ಇಡೀ ಕೋಶಕ್ಕೆ ಮಿತಿಯಾಗುವುದು. ಬೆಳಗ್ಗೆ ಮತ್ತು ಸಂಜೆಯ ಬಿಸಿಲಿನಲ್ಲಿ ಕೆಂಪು ಹೆಚ್ಚು, ನೀಲಿ ಕಡಿಮೆ. ಆಗ ಮೇಲಿನ ಪದರವು ಹಿಂದೆ ಬೀಳುವುದು. ಇದನ್ನು ತಪ್ಪಿಸಲು ಕೆಲವರು ಎರಡು ಪದರಗಳಿಗೂ ಬೇರೆ ಬೇರೆ ತಂತಿಗಳನ್ನು ಜೋಡಿಸಿ, ನಾಲ್ಕು ತುದಿಗಳ ಕೋಶವನ್ನು ಮಾಡುತ್ತಾರೆ. ಎತ್ತುಗಳಿಗೆ ಬೇರೆ ಬೇರೆ ಗಾಡಿಯನ್ನು ಕೊಟ್ಟಂತೆ ಇದು; ನಡಿಗೆಯ ಜಗಳ ತಪ್ಪುವುದು, ಆದರೆ ಗಾಡಿಯ ಖರ್ಚು ಹೆಚ್ಚುವುದು. ಮುಂಬಯಿಯ ಐ.ಐ.ಟಿ.ಯಲ್ಲಿ ಈ ನಾಲ್ಕು ತುದಿಗಳ ಬಗೆಯ ಮೇಲೆ ಸಂಶೋಧನೆ ನಡೆದಿದೆ.

೩. ಆಕಾಶಕ್ಕೆ ಮೊದಲು ಏರಿದ ಪದರಗಳು

ಬಹುಪದರದ ಕೋಶವನ್ನು ಕೆಲಸಕ್ಕೆ ತಂದವರಲ್ಲಿ ಇಬ್ಬರ ಹೆಸರನ್ನು ನಾವು ವಿಶೇಷವಾಗಿ ಹೇಳಬೇಕು. ಅಮೆರಿಕದ ಕೊಲರಾಡೊ ಸಂಸ್ಥಾನದ ಗೋಲ್ಡನ್ ಪಟ್ಟಣದಲ್ಲಿರುವ ಸರಕಾರಿ ಪ್ರಯೋಗಶಾಲೆಯಲ್ಲಿ ೧೯೮೪ರ ಸುಮಾರಿಗೆ ಜೆರ್ರಿ ಓಲ್ಸನ್ ಎಂಬವರು ಗ್ಯಾಲಿಯಂ ಆರ್ಸೆನೈಡ್ ಎಂಬ ಅರೆವಾಹಕದ ಮೇಲೆ ಗ್ಯಾಲಿಯಂ, ಇಂಡಿಯಂ, ರಂಜಕ ಇವುಗಳ ಮಿಶ್ರಣವನ್ನು ಪದರವಾಗಿ ಬೆಳೆಸುವ ಯೋಚನೆಯನ್ನು ಮಾಡಿದರು. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ೧೯೮೫ರಲ್ಲಿ ಡಾಕ್ಟರ್ ಪದವಿಯನ್ನು ಪಡೆದ ಸಾರಾ ಕರ್ಟ್ಸ್ ಎಂಬ ಮಹಿಳೆಯು ಅವರೊಡನೆ ಕೂಡಿ ಆ ಯೋಚನೆಯನ್ನು ವರ್ಷಗಟ್ಟಳೆ ಸಾಧಿಸಿದರು.

ಇದು ಸುಲಭದ ಕೆಲಸವಲ್ಲ. ಚುಕ್ಕಿ ರಂಗೋಲಿಯನ್ನು ನೆನೆಯಿರಿ. ಕೆಳಗಿನ ಸಾಲಿನ ಚುಕ್ಕಿಗಳ ನಡುವಣ ಅಂತರವೊಂದು, ಮೇಲಿನ ಸಾಲಿನದು ಬೇರೊಂದು ಆದರೆ ಎಳೆಗಳು ಕೂಡಿಕೊಳ್ಳಲಾರವು. ಸ್ಫಟಿಕಗಳಲ್ಲಿ ಪರಮಾಣುಗಳು ಅಂಥ ಚುಕ್ಕಿಗಳು. ಒಂದು ಸ್ಫಟಿಕದ ಮೇಲೆ ಮತ್ತೊಂದನ್ನು ಬೆಳೆಸುವಾಗ ಅಂತರಗಳು ಸರಿಹೋಗದಿದ್ದರೆ ನಡುವೆ ಬಿರುಕುಗಳೂ ಕೊರತೆಗಳೂ ಉಂಟಾಗಿ, ಎಲೆಕ್ಟ್ರಾನುಗಳು ಅಲ್ಲಿಯೇ ಕಳೆದುಹೋಗುತ್ತವೆ. ಓಲ್ಸನ್ ಮತ್ತು ಕರ್ಟ್ಸ್ ಅವರು ಆರಿಸಿದ ಮಿಶ್ರಣದ ಚುಕ್ಕಿಗಳು ಗ್ಯಾಲಿಯಂ ಆರ್ಸೆನೈಡಿನ ಚುಕ್ಕಿಗಳೊಡನೆ ಸರಿಯಾಗಿ ಹೊಂದಿಕೊಂಡುವು. ೧೯೯೪ರಲ್ಲಿ ಇಂಥ ಕೋಶವು, ಮಸೂರಗಳಿಂದ ಒಟ್ಟುಗೂಡಿಸಿದ ಬೆಳಕಿನಲ್ಲಿ, ಶೇಕಡಾ ೩೦ರ ಗಡಿಯನ್ನು ದಾಟಿತು. ೨೦೦೭ರಲ್ಲಿ ಇವರಿಬ್ಬರಿಗೂ ಡ್ಯಾನ್ ಡೇವಿಡ್ ಪಾರಿತೋಷಕದಲ್ಲಿ ಪಾಲು ದೊರೆಯಿತು.

ಜರ್ಮೇನಿಯಂ ಎಂಬ ಮೂರನೆಯ ಪದರವನ್ನೂ ಕೆಳಗೆ ಸೇರಿಸಿದ ಈ ಕೋಶಗಳು ಅಂತರಿಕ್ಷದಲ್ಲಿ ಬಹಳ ಬೆಲೆಬಾಳಿದುವು. ಏಕೆಂದರೆ ಅಲ್ಲಿ ಒಂದೊಂದು ಕಿಲೋಗ್ರಾಮ್ ಭಾರಕ್ಕೂ ಅಪಾರ ಖರ್ಚು. ೨೦೦೪ರ ಜನವರಿಯಲ್ಲಿ ಮಂಗಳ ಗ್ರಹದ ಮೇಲೆ ಇಳಿದ ಸ್ಪಿರಿಟ್ ಮತ್ತು ಆಪರ್ಚುನಿಟಿ ಎಂಬ ಎರಡು ಬಂಡಿಗಳೂ ಮೂರು ಪದರದ ಕೋಶಗಳಿಂದಲೇ ನಡೆದುವು. ೯೦ ದಿವಸ ನಡೆದರೆ ಸಾಕೆಂದು ಕಳುಹಿಸಿದ ಆಪರ್ಚುನಿಟಿಯಿಂದ ಕೊನೆಯ ಸುದ್ದಿ ಬಂದದ್ದು ೨೦೧೮ರ ಜೂನಿನಲ್ಲಿ. ೧೯೭೫ರ ಏಪ್ರಿಲ್ ೧೯ರಂದು ಮೇಲೇರಿದ, ಬೆಂಗಳೂರಿನ ಪೀಣ್ಯದಲ್ಲಿ ಸಿದ್ಧವಾದ, ನಮ್ಮ ದೇಶದ ಮೊದಲ ಉಪಗ್ರಹ ಆರ್ಯಭಟಕ್ಕೆ ಸಿಲಿಕಾನ್ ಕೋಶಗಳನ್ನು ಹೊದಿಸಲಾಗಿತ್ತು. ಅಲ್ಲಿಂದ ಮುಂದಿನ ದಶಕಗಳಲ್ಲಿ ಭಾರತೀಯ ಉಪಗ್ರಹಗಳ ರೆಕ್ಕೆಗಳಿಗೂ ಬಹುಪದರದ ಕೋಶಗಳು ಬಂದುವು.

ಭೂಮಿಯ ಮೇಲೆ ಮಾತ್ರ ಇವು ದುಬಾರಿ. ಮಸೂರಗಳಿಂದ ಬೆಳಕನ್ನು ಚಿಕ್ಕ ಕೋಶದ ಮೇಲೆ ಬೀಳಿಸಿ ಖರ್ಚನ್ನು ತಗ್ಗಿಸುವ ಯತ್ನಗಳು ನಡೆದುವು. ದಕ್ಷತೆಯೇನೋ ಆಶ್ಚರ್ಯಕರ: ೨೦೨೨ರಲ್ಲಿ ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯವರ ನಾಲ್ಕು ಪದರದ ಕೋಶವು, ೬೬೫ ಪಟ್ಟು ದಟ್ಟವಾಗಿಸಿದ ಬೆಳಕಿನಲ್ಲಿ, ಶೇಕಡಾ ೪೭.೬ನ್ನು ಮುಟ್ಟಿತು. ಆದರೆ ಮಸೂರದ ಉಪಕರಣವು ಸೂರ್ಯನ ಕಡೆಗೇ ಸದಾ ತಿರುಗುತ್ತಿರಬೇಕು. ತೆಳುಮೋಡ ಕವಿದರೂ ಕೆಲಸ ನಿಲ್ಲುವುದು. ಅಷ್ಟರಲ್ಲಿ ಸಾಧಾರಣ ಸಿಲಿಕಾನಿನ ಬೆಲೆಯು ಇಳಿದುಹೋದುದರಿಂದ ಈ ಉಪಕರಣಗಳು ಪೇಟೆಯಲ್ಲಿ ನಿಲ್ಲಲಾರದೆ ಹೋದುವು.

೪. ಹೊಸದೊಂದು ಸ್ಫಟಿಕ

ಬೆಕೆರೆಲನು ತನ್ನ ಪ್ರಯೋಗವನ್ನು ಮಾಡಿದ ೧೮೩೯ರಲ್ಲಿಯೇ ಗುಸ್ಟಾವ್ ರೋಸ್ ಎಂಬ ಜರ್ಮನ್ ಪಂಡಿತನು ರಷ್ಯದ ಯೂರಲ್ ಪರ್ವತಗಳಿಂದ ಬಂದ ಒಂದು ಖನಿಜವನ್ನು ಪರೀಕ್ಷಿಸಿ, ರಷ್ಯದ ಲೆವ್ ಪೆರೋವ್‌ಸ್ಕಿ ಎಂಬವರ ಹೆಸರಿನಿಂದ ಅದನ್ನು ಪೆರೋವ್‌ಸ್ಕೈಟ್ ಎಂದು ಕರೆದನು. ಈ ಎರಡು ಸಂಗತಿಗಳು ಒಂದನ್ನೊಂದು ಕೂಡಿಕೊಳ್ಳಲು ೧೭೦ ವರ್ಷಗಳು ಬೇಕಾದುವು. ೨೦೦೯ರಲ್ಲಿ ಜಪಾನಿನ ಯೋಕೊಹಾಮದಲ್ಲಿ ತ್ಸುತೊಮು ಮಿಯಾಸಾಕಾ ಅವರೂ ಅವರ ಶಿಷ್ಯ ಅಕಿಹಿರೊ ಕೊಜಿಮಾ ಅವರೂ ಆ ಖನಿಜದ ಕಟ್ಟಡವನ್ನೇ ಹೋಲುವ, ಆದರೆ ಸೀಸ, ಅಯೊಡಿನ್, ಬ್ರೋಮಿನ್ ಮೊದಲಾದುವುಗಳಿಂದ ರಚಿತವಾದ ಸ್ಫಟಿಕದಿಂದ ಒಂದು ಸೌರಕೋಶವನ್ನು ಮಾಡಿದರು. ದಕ್ಷತೆ ಶೇಕಡಾ ೩.೮ ಮಾತ್ರ, ಬಾಳಿಕೆಯೂ ಅತ್ಯಲ್ಪ. ೨೦೧೨ರಲ್ಲಿ ಕೊರಿಯದ ಪಾರ್ಕ್ ನಮ್-ಗ್ಯು, ಇಂಗ್ಲೆಂಡಿನ ಆಕ್ಸ್‌ಫರ್ಡಿನ ಹೆನ್ರಿ ಸ್ನೇತ್ ಮೊದಲಾದವರ ಕೈಯಲ್ಲಿ ಅದು ಶೇಕಡಾ ೧೦ರ ಹತ್ತಿರಕ್ಕೆ ಏರಿತು. ಅಂದಿನಿಂದ ಲೋಕದ ಎಲ್ಲ ಕಡೆಯ ಪ್ರಯೋಗಶಾಲೆಗಳೂ ಇದರ ಬೆನ್ನು ಹತ್ತಿದುವು.

ಇದರ ಗುಣಗಳು ಮೂರು. ಮೊದಲನೆಯದಾಗಿ, ಇದನ್ನು ದ್ರವದಲ್ಲಿ ಕರಗಿಸಿ, ಸುಣ್ಣ ಬಳಿಯುವಂತೆ ತೆಳುವಾಗಿ ಬಳಿದು, ಹೆಚ್ಚಿನ ಶಾಖವಿಲ್ಲದೆ ಒಣಗಿಸಬಹುದು. ಎರಡನೆಯದಾಗಿ, ಸಿಲಿಕಾನ್ ಹಾಳೆಯು ಸುಮಾರು ೧೫೦ ಮೈಕ್ರೋಮೀಟರು ದಪ್ಪವಿರುವಲ್ಲಿ ಇದಕ್ಕೆ ಅರ್ಧ ಮೈಕ್ರೋಮೀಟರು ದಪ್ಪ ಸಾಕು. ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು: ಅಯೊಡಿನ್ ಮತ್ತು ಬ್ರೋಮಿನ್‌ಗಳ ಪ್ರಮಾಣವನ್ನು ಬದಲಿಸಿ ಇದರ ಅಟ್ಟದ ಎತ್ತರವನ್ನು ಬೇಕಾದಂತೆ ಏರಿಸಲೂ ಇಳಿಸಲೂ ಬಹುದು. ಸಿಲಿಕಾನಿನ ಮೇಲೆ ಕೂರಲು ಸುಮಾರು ೧.೬೮ ಎಲೆಕ್ಟ್ರಾನ್-ವೋಲ್ಟ್ ಎತ್ತರವು ಹೊಂದುವುದೆಂದು ಕಂಡುಬಂದಿದೆ. ಹೀಗೆ, ಅಗ್ಗವಾದ ಹಳೆಯ ಸಿಲಿಕಾನನ್ನು ಬಿಡದೆ, ಅದರ ತಲೆಯ ಮೇಲೆಯೇ ಈ ಹೊಸ ಪದರವನ್ನು ಇಡುವ ದಾರಿ ತೆರೆಯಿತು.

ಮುಂದಿನ ಏರಿಕೆಯು ಮೆಟ್ಟಲು ಮೆಟ್ಟಲಾಗಿ ನಡೆಯಿತು. ೨೦೨೦ರಲ್ಲಿ ಬರ್ಲಿನ್ನಿನ ಹೆಲ್ಮ್‌ಹೋಲ್ಟ್ಸ್ ಕೇಂದ್ರದವರು ಶೇಕಡಾ ೨೯.೧೫ನ್ನು ಸಾಧಿಸಿದರು. ಅದಕ್ಕಾಗಿ ಅವರು ಲಿಥುವೇನಿಯ ದೇಶದ ಕೌನಸ್ ನಗರದ ರಸಾಯನಶಾಸ್ತ್ರಜ್ಞರೊಡನೆ ಕೂಡಿ, ಒಂದೇ ಅಣುವಿನಷ್ಟು ದಪ್ಪದ ಪೊರೆಯೊಂದನ್ನು ಪೆರೋವ್‌ಸ್ಕೈಟಿನ ಕೆಳಗೆ ಹಾಸಿದರು. ೨೦೨೨ರಲ್ಲಿ ಸ್ವಿಟ್ಸರ್ಲೆಂಡಿನವರು ೩೧.೩ಕ್ಕೂ, ೨೦೨೩ರಲ್ಲಿ ಸೌದಿ ಅರೇಬಿಯದ ವಿಶ್ವವಿದ್ಯಾಲಯದವರು ೩೩.೭ಕ್ಕೂ ಅದನ್ನು ಏರಿಸಿದರು. ಚೀನ ದೇಶದ ಲೋಂಗಿ ಕಂಪನಿಯು ೨೦೨೪ರ ಜೂನಿನಲ್ಲಿ ೩೪.೬, ೨೦೨೫ರ ಏಪ್ರಿಲಿನಲ್ಲಿ ೩೪.೮೫ ಎಂದು ಪ್ರಕಟಿಸಿತು. ಒಂದೇ ಪದರದ ಕೋಶಕ್ಕೆ ವಿಧಿಸಿದ್ದ ೩೩.೭ರ ಮೇರೆಯು ಹೀಗೆ ಹಿಂದೆ ಬಿದ್ದಿತು.

೫. ಸಂಶೋಧನೆಯ ಈಗಿನ ಒಲವು

ಈ ಅಂಕಿಗಳನ್ನು ಕಂಡು ಕೆಲಸವೆಲ್ಲ ಮುಗಿಯಿತೆಂದು ಹಿಗ್ಗುವುದು ಸಲ್ಲದು. ಇಂಥ ದಾಖಲೆಗಳು ಬಹುತೇಕ ಒಂದು ಚದರ ಸೆಂಟಿಮೀಟರಿನಷ್ಟು, ಎಂದರೆ ಬೆರಳ ಉಗುರಿನಷ್ಟು, ಅಗಲದ ಕೋಶಗಳಲ್ಲಿ ದೊರೆತವು. ೨೦೨೪ರ ಸೆಪ್ಟೆಂಬರಿನಲ್ಲಿ ಆಕ್ಸ್‌ಫರ್ಡ್ ಪಿ.ವಿ. ಎಂಬ ಕಂಪನಿಯು ಜರ್ಮನಿಯ ಬ್ರಾಂಡೆನ್‌ಬುರ್ಗ್ ನಗರದ ಕಾರ್ಖಾನೆಯಲ್ಲಿ ಮಾಡಿದ ಜೋಡಿಕೋಶದ ಫಲಕಗಳನ್ನು ಅಮೆರಿಕದ ಗಿರಾಕಿಗಳಿಗೆ ಕಳುಹಿಸಿತು. ಇಂಥ ಫಲಕಗಳ ವ್ಯಾಪಾರವು ಇಲ್ಲಿಂದ ಮೊದಲಾಯಿತೆನ್ನಬಹುದು. ಅವುಗಳ ದಕ್ಷತೆ ಶೇಕಡಾ ೨೪.೫. ಉಗುರಿನಷ್ಟಗಲದಲ್ಲಿ ೩೪ನ್ನು ದಾಟಿದ್ದು ಬಾಗಿಲಿನಷ್ಟಗಲಕ್ಕೆ ಬರುವಾಗ ೨೪ಕ್ಕೆ ಇಳಿಯಿತು. ಹೆಂಚಿನ ಮೇಲೆ ಒಂದು ದೋಸೆಯನ್ನು ತೆಳ್ಳಗೆ ಹರಡುವುದೂ, ಮದುವೆಯ ಮನೆಗೆ ಸಾವಿರ ದೋಸೆಗಳನ್ನು ಒಂದೇ ಹದದಲ್ಲಿ ಮಾಡುವುದೂ ಒಂದೇ ಅಲ್ಲವಷ್ಟೆ. ಆದಕಾರಣ, ಪದರವನ್ನು ಅಗಲವಾಗಿಯೂ ಸಮನಾಗಿಯೂ ಹರಡುವ ಉಪಾಯವೇ ಈಗಿನ ಸಂಶೋಧನೆಯ ಒಂದು ಮುಖ್ಯ ಭಾಗವಾಗಿದೆ.

ಎರಡನೆಯ ಭಾಗವು ಬಾಳಿಕೆ. ಪೆರೋವ್‌ಸ್ಕೈಟ್ ಸ್ಫಟಿಕಕ್ಕೆ ನೀರಿನ ತೇವ ಆಗದು, ಶಾಖ ಆಗದು, ಬೆಳಕೂ ಹೆಚ್ಚು ಕಾಲ ಬಿದ್ದರೆ ಅದರೊಳಗಿನ ಅಯೊಡಿನ್ ಮತ್ತು ಬ್ರೋಮಿನ್‌ಗಳು ಬೇರ್ಪಟ್ಟು ಬೇರೆ ಬೇರೆ ಮೂಲೆ ಸೇರುತ್ತವೆ. ಬಿಸಿಲಿಗಾಗಿಯೇ ಹುಟ್ಟಿದ ವಸ್ತುವು ಬಿಸಿಲಿಗೇ ಬಾಡುವುದು ವಿಪರ್ಯಾಸವೇ ಸರಿ. ಸಾಮಾನ್ಯ ಸಿಲಿಕಾನ್ ಫಲಕಗಳಿಗೆ ಮಾರುವವರು ೨೫ ವರ್ಷಗಳ ಭರವಸೆಯನ್ನು ಕೊಡುತ್ತಾರೆ. ಫಲಕಗಳನ್ನು ಪೇಟೆಗೆ ಬಿಡುವ ಮೊದಲು, ೮೫ ಡಿಗ್ರಿ ಶಾಖ ಮತ್ತು ಶೇಕಡಾ ೮೫ ತೇವವಿರುವ ಪೆಟ್ಟಿಗೆಯಲ್ಲಿ ೧,೦೦೦ ಗಂಟೆಗಳ ಕಾಲ ಇಟ್ಟು ಪರೀಕ್ಷಿಸುವುದೂ, ಸೊನ್ನೆಗಿಂತ ೪೦ ಡಿಗ್ರಿ ಕೆಳಗಿನ ಚಳಿಗೂ ೮೫ ಡಿಗ್ರಿ ಶಾಖಕ್ಕೂ ೨೦೦ ಸಲ ತಿರುತಿರುಗಿ ಒಡ್ಡುವುದೂ ರೂಢಿ. ಆದರೆ ಪೆಟ್ಟಿಗೆಯೊಳಗಿನ ಪರೀಕ್ಷೆಯೊಂದರಿಂದಲೇ ಎಲ್ಲವನ್ನೂ ನಿರ್ಣಯಿಸಲಾಗದು. ಮಂಗಳೂರಿನ ಆಷಾಢದ ತೇವವೂ ಕಲಬುರಗಿಯ ವೈಶಾಖದ ಝಳವೂ ವರ್ಷವರ್ಷವೂ ಮರಳಿ ಬರತಕ್ಕವು. ಬೇಸಗೆಯ ಬಿಸಿಲಿನಲ್ಲಿ ಫಲಕದ ಮೈ ೬೦ ಡಿಗ್ರಿಯನ್ನು ಮೀರಿ ಕಾಯುವುದುಂಟು.

ಬಾಳಿಕೆಯ ಮಹತ್ವವನ್ನು ಒಂದು ಲೆಕ್ಕದಿಂದ ತೋರಿಸುವೆವು. ಇದು ಊಹೆಯ ಲೆಕ್ಕ. ಯಾವ ಕಂಪನಿಯ ಸರಕಿಗೂ ಸಂಬಂಧಿಸಿದುದಲ್ಲ. ಪ್ರತಿವರ್ಷವೂ ಫಲಕದ ಮೇಲೆ ನೂರು ಪಾಲು ಬಿಸಿಲು ಬೀಳುವುದೆನ್ನೋಣ. ಮೊದಲನೆಯ ಫಲಕವು ಆರಂಭದ ವರ್ಷ ೩೦ ಪಾಲು ವಿದ್ಯುತ್ತು ಕೊಟ್ಟು, ಆಮೇಲೆ ವರ್ಷಕ್ಕೆ ಶೇಕಡಾ ೫ರಂತೆ ಸೊರಗುವುದು. ಎರಡನೆಯದು ೨೨ ಪಾಲಿನಿಂದಲೇ ಆರಂಭಿಸಿ, ವರ್ಷಕ್ಕೆ ಶೇಕಡಾ ಅರ್ಧದಂತೆ ಮಾತ್ರ ಸೊರಗುವುದು. ಏಳು ವರ್ಷ ತುಂಬುವಷ್ಟರಲ್ಲಿ ಮೊದಲನೆಯದು ಎರಡನೆಯದಕ್ಕಿಂತ ಕೆಳಗಿಳಿದಿರುವುದು. ೨೫ ವರ್ಷಗಳ ಒಟ್ಟು ಫಲವನ್ನು ಕೂಡಿಸಿದರೆ ಮೊದಲನೆಯದು ಸುಮಾರು ೪೩೪ ಪಾಲು; ಎರಡನೆಯದು ಸುಮಾರು ೫೧೮ ಪಾಲು. ಮೊದಲ ದಿವಸದ ಅಂಕಿಯನ್ನು ನೋಡಿ ಕೊಂಡವರು ನಷ್ಟಹೊಂದಿದರು. ಕೊನೆಯ ದಿವಸದ ಅಂಕಿಯನ್ನು ವಿಚಾರಿಸಿದವರು ಗೆದ್ದರು. ಆದುದರಿಂದಲೇ ವಿವೇಕಿಗಳಾದ ಸಂಶೋಧಕರು, ದಾಖಲೆಯನ್ನು ಇನ್ನೊಂದು ಕೂದಲೆಳೆಯಷ್ಟು ಏರಿಸುವುದಕ್ಕಿಂತ, ವರ್ಷಕ್ಕೆ ಆಗುವ ಸೊರಗನ್ನು ತಗ್ಗಿಸುವುದೇ ಹೆಚ್ಚಿನ ಕಾರ್ಯವೆಂದು ಬಗೆಯುತ್ತಿದ್ದಾರೆ. ಸ್ಫಟಿಕಕ್ಕೆ ಸೀಸಿಯಂ ಮುಂತಾದ ಧಾತುಗಳನ್ನು ಬೆರಸಿ ಗಟ್ಟಿಮಾಡುವುದು, ಪದರಗಳ ಅಂಚನ್ನು ತೇವ ನುಗ್ಗದಂತೆ ಮುಚ್ಚುವುದು, ಫಲಕಗಳನ್ನು ಬಯಲಿನಲ್ಲಿಟ್ಟು ವರ್ಷಗಟ್ಟಳೆ ನೋಡುವುದು, ಇವೆಲ್ಲ ಆ ಕಡೆಯ ಯತ್ನಗಳು.

ಮೂರನೆಯ ಭಾಗವು ಸೀಸ. ಒಂದು ಚದರ ಮೀಟರು ಫಲಕದ ಪೆರೋವ್‌ಸ್ಕೈಟ್ ಪದರದಲ್ಲಿ ಒಂದು ಗ್ರಾಮಿನ ಆಸುಪಾಸಿನಷ್ಟು ಸೀಸವಿರುವುದು. ಪ್ರಮಾಣ ಅಲ್ಪವೇ, ಆದರೆ ಅದು ನೀರಿನಲ್ಲಿ ಕರಗುವ ರೂಪದಲ್ಲಿರುವುದರಿಂದ, ಗಾಜು ಒಡೆದು ಮಳೆಯ ನೀರು ಸೋಕಿದರೆ ಮಣ್ಣಿಗೂ ಬಾವಿಗೂ ಸೇರಬಹುದು. ಸೀಸವು ಮಕ್ಕಳ ಬುದ್ಧಿಯ ಬೆಳವಣಿಗೆಗೆ ಕೇಡುಮಾಡುವ ವಿಷವೆಂಬುದನ್ನು ತಾಯಂದಿರು ಮರೆಯಬಾರದು. ಸೀಸವನ್ನು ಹೀರಿ ಹಿಡಿಯುವ ಪೊರೆಗಳನ್ನು ಫಲಕದೊಳಗೇ ಹಾಸುವುದು, ಹಳೆಯದಾದ ಫಲಕಗಳನ್ನು ಮರಳಿ ಪಡೆದು ಸೀಸವನ್ನು ಬೇರ್ಪಡಿಸುವುದು, ಸೀಸಕ್ಕೆ ಬದಲಾಗಿ ತವರವನ್ನು ಬಳಸುವುದು, ಈ ಮೂರು ದಾರಿಗಳನ್ನೂ ಪರೀಕ್ಷಿಸುತ್ತಿದ್ದಾರೆ. ತವರದ ಕೋಶಗಳು ಗಾಳಿ ಸೋಕಿದರೆ ಇನ್ನೂ ಬೇಗನೆ ಕೆಡುವುದರಿಂದ ಮೂರನೆಯ ದಾರಿ ದುರ್ಗಮವಾಗಿದೆ.

೬. ನೆಲದ ಲೆಕ್ಕ

ಇಷ್ಟು ತೊಡಕುಗಳಿದ್ದರೂ ಇದರ ಬೆನ್ನು ಹತ್ತಬೇಕಾದುದೇಕೆ? ಇದಕ್ಕೆ ನಮ್ಮ ತುಮಕೂರು ಜಿಲ್ಲೆಯ ಪಾವಗಡವೇ ಉತ್ತರ ಹೇಳುವುದು. ಮಳೆ ಕಡಮೆಯಾದ ಆ ಸೀಮೆಯಲ್ಲಿ ಸುಮಾರು ೧೩,೦೦೦ ಎಕರೆ ನೆಲದ ಮೇಲೆ ೨,೦೫೦ ಮೆಗಾವಾಟ್ ಸಾಮರ್ಥ್ಯದ ಸೌರಕ್ಷೇತ್ರವು ೨೦೧೯ರ ಕೊನೆಯ ವೇಳೆಗೆ ಪೂರ್ಣವಾಯಿತು. ರೈತರಿಂದ ನೆಲವನ್ನು ಕೊಂಡುಕೊಳ್ಳದೆ, ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿಯಿಂದ ಮೊದಲಾಗುವ ಗುತ್ತಿಗೆಗೆ ಪಡೆದರು. ನೆಲವಿದ್ದವರಿಗೆ ಇದರಿಂದ ನಿಶ್ಚಿತವಾದ ವರಮಾನವಾಯಿತು. ನೆಲವಿಲ್ಲದೆ ಹೊಲದ ಕೂಲಿಯಿಂದ ಬಾಳುತ್ತಿದ್ದವರಿಗೆ ಆ ಹೊಲದ ಕೆಲಸ ಇಲ್ಲವಾಯಿತು. ಅಲ್ಲಿರುವವು ಒಂದೇ ಪದರದ ಕೋಶಗಳು. ಅವಕ್ಕಿಂತ ಒಂದೂವರೆ ಪಟ್ಟು ದಕ್ಷತೆಯ ಫಲಕಗಳಿದ್ದರೆ, ಅದೇ ಶಕ್ತಿಗೆ ಮೂರರಲ್ಲಿ ಎರಡು ಪಾಲು ನೆಲ ಸಾಕಾಗಿ, ಸುಮಾರು ೪,೦೦೦ ಎಕರೆ ಉಳುಮೆಗೂ ಮೇವಿಗೂ ಉಳಿಯುತ್ತಿತ್ತು. ದಕ್ಷತೆಯೆಂಬುದು ಪುಸ್ತಕದ ಅಂಕಿಯಲ್ಲ, ಮನುಷ್ಯರ ಜೀವನೋಪಾಯದ ಪ್ರಶ್ನೆಯೆಂಬುದು ಇದರಿಂದ ತೋರುವುದು. ಮನೆಯ ಮಾಳಿಗೆಗೂ ಇದೇ ಮಾತು. ೩ ಕಿಲೋವಾಟ್ ಬೇಕಾದರೆ ಶೇಕಡಾ ೨೨ರ ಫಲಕಗಳಿಗೆ ಸುಮಾರು ೧೪ ಚದರ ಮೀಟರು ಬೇಕು. ಶೇಕಡಾ ೩೦ರವಕ್ಕೆ ೧೦ ಸಾಕು. ಹಪ್ಪಳ ಒಣಗಿಸಲು ಉಳಿಯುವ ಜಾಗವನ್ನು ಗೃಹಿಣಿಯರೇ ಎಣಿಸಿಕೊಳ್ಳಬಹುದು.

ನಮ್ಮ ನಾಡಿನ ಬಿಸಿಲಿನಲ್ಲಿ ಯಾವ ಫಲಕ ಬಾಳುವುದೆಂಬುದನ್ನು ನಿಶ್ಚಯಿಸಬೇಕಾದರೆ ಮೊದಲು ಆ ಬಿಸಿಲನ್ನೇ ಅಳೆದಿರಬೇಕು. ಆ ಕೆಲಸಕ್ಕೆ ತಳಹದಿ ಹಾಕಿದವರು ಒಬ್ಬ ಮಹಿಳೆಯೆಂಬುದನ್ನು ಇಲ್ಲಿ ನೆನೆಯುವುದು ಯೋಗ್ಯ. ೧೯೧೮ರಲ್ಲಿ ತಿರುವಾಂಕೂರಿನ ಪೀರ್ಮೇಡಿನಲ್ಲಿ ಹುಟ್ಟಿದ ಅನ್ನಾ ಮಣಿಯವರು, ೧೯೪೦ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ಬಂದು, ಸರ್ ಸಿ. ವಿ. ರಾಮನ್ನರ ಬಳಿ ವಜ್ರ ಮತ್ತು ಮಾಣಿಕ್ಯಗಳ ಬೆಳಕನ್ನು ಅಭ್ಯಾಸಮಾಡಿದರು. ಎಂ.ಎಸ್‌ಸಿ. ಪದವಿಯಿಲ್ಲವೆಂಬ ಕಾರಣದಿಂದ ಆ ಸಂಶೋಧನೆಗೆ ಡಾಕ್ಟರ್ ಪದವಿಯು ಅವರಿಗೆ ದೊರೆಯಲಿಲ್ಲ. ಅವರು ಎದೆಗುಂದದೆ, ಹವಾಮಾನ ಇಲಾಖೆಯನ್ನು ಸೇರಿ, ೧೯೫೭-೫೮ರ ಅಂತರರಾಷ್ಟ್ರೀಯ ಭೂಭೌತ ವರ್ಷದಲ್ಲಿ ಬಿಸಿಲನ್ನು ಅಳೆಯುವ ಠಾಣ್ಯಗಳನ್ನು ದೇಶದಲ್ಲಿ ಸ್ಥಾಪಿಸಿದರು. ಭಾರತದ ಸೌರವಿಕಿರಣದ ಅಂಕಿಅಂಶಗಳನ್ನು ೧೯೮೦ ಮತ್ತು ೧೯೮೧ರಲ್ಲಿ ಗ್ರಂಥಗಳಾಗಿ ಹೊರತಂದರು. ೨೦೦೧ರಲ್ಲಿ ಅವರು ತೀರಿಕೊಂಡರು.

೭. ಉಪಸಂಹಾರ

ಆರಂಭದಲ್ಲಿ ಎತ್ತಿಕೊಂಡ ಸಂಶಯಕ್ಕೆ ಈಗ ಉತ್ತರ ಹೇಳಬಹುದು. ವಿದ್ಯುತ್ತಿನ ಅಗತ್ಯವೂ ಹಣದ ಅನುಕೂಲವೂ ಇರುವ ಮನೆಯವರು ಜೋಡಿಕೋಶಕ್ಕಾಗಿ ಕಾದು ಕುಳಿತಿರಬೇಕಾದುದಿಲ್ಲ. ಒಂದೇ ಪದರದ ಸಿಲಿಕಾನ್ ಫಲಕವು ಚೆನ್ನಾಗಿ ಪರೀಕ್ಷಿಸಲ್ಪಟ್ಟ ವಸ್ತು. ಕಾಯುವ ಒಂದೊಂದು ವರ್ಷದ ಬಿಸಿಲೂ ಮರಳಿ ಬಾರದ ನಷ್ಟ. ಆದರೆ ಮುಂದೊಂದು ದಿನ ಬಹುಪದರದ ಫಲಕವನ್ನು ಹೊತ್ತು ವ್ಯಾಪಾರಿಯು ಬಾಗಿಲಿಗೆ ಬಂದಾಗ ಈ ಮೂರು ಪ್ರಶ್ನೆಗಳನ್ನು ತಪ್ಪದೆ ಕೇಳಬೇಕು. ಶೇಕಡಾ ಎಷ್ಟು ಎಂದು ಹೇಳುವ ದಕ್ಷತೆಯು ಚಿಕ್ಕ ಕೋಶದ್ದೋ ಇಡೀ ಫಲಕದ್ದೋ? ವರ್ಷಕ್ಕೆ ಎಷ್ಟು ಸೊರಗುವುದು, ಎಷ್ಟು ವರ್ಷದ ಭರವಸೆಯನ್ನು ಬರೆದು ಕೊಡುವಿರಿ? ಒಡೆದರೆ ಅಥವಾ ಹಳೆಯದಾದರೆ ಸೀಸದ ಸಮೇತ ಮರಳಿ ಕೊಂಡೊಯ್ಯುವವರು ಯಾರು?

ಈ ಪ್ರಶ್ನೆಗಳಿಗೆ ಸರಿಯಾದ ಉತ್ತರಗಳನ್ನು ಸಿದ್ಧಪಡಿಸುವ ಕೆಲಸವೇ ಇಂದು ಪ್ರಯೋಗಶಾಲೆಗಳಲ್ಲಿ ನಡೆಯುತ್ತಿರುವುದು. ಅದಕ್ಕೆ ಭೌತಶಾಸ್ತ್ರವೂ ಬೇಕು, ರಸಾಯನಶಾಸ್ತ್ರವೂ ಬೇಕು. ಒಂದೇ ಹದದಲ್ಲಿ ತೆಳುಪದರವನ್ನು ಹರಡುವ ಕೈಯ ನಯವೂ, ಬಿಸಿಲು ಮಳೆಗಳಲ್ಲಿ ಇಟ್ಟುದನ್ನು ವರ್ಷಗಟ್ಟಳೆ ಬೇಸರವಿಲ್ಲದೆ ಅಳೆಯುವ ತಾಳ್ಮೆಯೂ ಬೇಕು. ನಮ್ಮ ಶಾಲೆಯ ವಿಜ್ಞಾನದ ಕೊಠಡಿಯಲ್ಲಿ ಪ್ರಿಸಮ್ಮಿನಿಂದ ಬಿಳಿಯ ಬೆಳಕನ್ನು ಏಳು ಬಣ್ಣಗಳಾಗಿ ಬಿಡಿಸಿ ನೋಡಿದ ಹುಡುಗಿಯರಿಗೆ ಈ ವಿದ್ಯೆಯ ಮೊದಲ ಪಾಠ ಆಗಲೇ ದೊರೆತಿದೆ. ಅವರಲ್ಲಿ ಯಾರಿಗಾದರೂ ಎರಡನೆಯ ಪಾಠವನ್ನು ಕಲಿಯುವ ಇಚ್ಛೆಯಿದ್ದರೆ, ಮನೆಯ ಹಿರಿಯರು ಅದಕ್ಕೆ ಅಡ್ಡಿಬಾರದೆ ಕಾಲೇಜಿನ ಖರ್ಚನ್ನು ಒದಗಿಸಿಕೊಡಲೆಂದು ನಾವು ಕೇಳಿಕೊಳ್ಳುತ್ತೇವೆ.